ರೂಟರ್ ಮನೆಗೆ ಬಂದ ನೆಂಟರು

ಇವತ್ತು ಬೆಳಿಗ್ಗೆಯಿಂದ ಒಂದೇ ಬೋರ್ಡ್ ಮುಂದೆ ಕೂತಿದ್ದೆ. ಲಿನಕ್ಸ್ ಓಡಿಸೋ ಪುಟ್ಟ ಕಂಪ್ಯೂಟರ್ ಅದು. ರೀಬೂಟ್ ಮಾಡಿದಾಗಲೆಲ್ಲ ರೂಟರ್ ಅದಕ್ಕೆ ಹೊಸ ಐಪಿ ವಿಳಾಸ ಕೊಡುತ್ತಿತ್ತು. ರೂಟರ್ ಪಟ್ಟಿ ತೆಗೆದರೆ 11 ಜನ ನೆಂಟರು! ಎಲ್ಲರೂ ಇದೇ ಬೋರ್ಡ್.

ಕೊನೆಗೆ ಗೊತ್ತಾಯಿತು. ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸೋ ನಂಬರ್, ಇರಬೇಕಾದ ಇಇಪ್ರಾಮ್ ಅನ್ನೋ ಮೆಮೊರಿ ಚಿಪ್ ಖಾಲಿ. ಬರೀ ಎಫ್ಎಫ್, ಎಫ್ಎಫ್, ಎಫ್ಎಫ್. ಬರೆಯೋದನ್ನೇ ಯಾರೋ ಮರೆತಿದ್ದಾರೆ.

ನೆಟ್‌ವರ್ಕ್ ನೋಡಿಕೊಳ್ಳೋ ಲಿನಕ್ಸ್ ಡ್ರೈವರ್ ಪಾಪ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರದ ಪಟ್ಟಿ) ಹುಡುಕಿದೆ, ಚಿಪ್‌ನಲ್ಲಿ ಹುಡುಕಿದೆ. ಸಿಗಲಿಲ್ಲ ಅಂತ ಕೈಚೆಲ್ಲಿ ಕೂತಿಲ್ಲ. ತಾನೇ 48 ಬಿಟ್‌ನ ಒಂದು ವಿಳಾಸ ಹುಟ್ಟಿಸಿಕೊಂಡಿದೆ. ಪ್ರತಿ ಬೂಟ್‌ಗೂ ಹೊಸದು. ಹಾಗಾಗಿ ರೂಟರ್ ಕಣ್ಣಿಗೆ ಪ್ರತಿ ಸಲವೂ ಹೊಸ ನೆಂಟ, ಹೊಸ ಐಪಿ.

ನನಗೆ ಇಷ್ಟವಾಗಿದ್ದು ಅದರ ಪ್ರಾಮಾಣಿಕತೆ. ಮೊದಲ ಬೈಟ್‌ನಲ್ಲಿ ಒಂದು ಬಿಟ್ಟನ್ನು 1 ಮಾಡಿ, 'ಇದು ಕಂಪನಿ ಕೊಟ್ಟಿದ್ದಲ್ಲ, ನಾನೇ ಇಟ್ಟುಕೊಂಡಿದ್ದು' ಅಂತ ಒಪ್ಪಿಕೊಂಡುಬಿಡುತ್ತದೆ. ವಿಳಾಸ ಒಬ್ಬರದ್ದಲ್ಲ, ಗುಂಪಿನದ್ದು ಅಂತ ಹೇಳೋ ಪಕ್ಕದ ಮಲ್ಟಿಕಾಸ್ಟ್ ಬಿಟ್ 0. ಹಾಗಾಗಿ ಹೆಕ್ಸ್‌ನಲ್ಲಿ (0ಯಿಂದ 9, ಆಮೇಲೆ ಎಯಿಂದ ಎಫ್) ಬರೆದ ವಿಳಾಸದ ಎರಡನೇ ಅಂಕಿ ಯಾವಾಗಲೂ 2, 6, ಎ, ಇಲ್ಲಾಂದ್ರೆ ಇ. 11 ಸಾಲನ್ನೂ ಪರದೆ ಮೇಲೆ ಬೆರಳಿಟ್ಟು ನೋಡಿದೆ. ಒಂದೂ ತಪ್ಪಿಲ್ಲ.

ಸುಳ್ಳು ಹೆಸರು ಹೇಳುವಾಗಲೂ ಇದು ಸುಳ್ಳು ಅಂತ ಗುರುತು ಹಾಕಿಕೊಳ್ಳೋರು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಅಲ್ವಾ?

ಆಮೇಲೆ ಬೋರ್ಡ್ ತಿರುಗಿಸಿದೆ. ಅಸಲಿ ವಿಳಾಸ ಹಿಂದೆಯೇ ಸ್ಟಿಕ್ಕರ್ ಮೇಲೆ ಅಚ್ಚಾಗಿತ್ತು! ಕಣ್ಣು ಕಿರಿದು ಮಾಡಿ 12 ಅಕ್ಷರ ಓದಿ, ಲಿನಕ್ಸ್‌ಗಿಂತ ಮೊದಲು ಓಡೋ ಯು-ಬೂಟ್‌ನಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಈಗ ಎಷ್ಟು ಸಲ ರೀಬೂಟ್ ಮಾಡಿದರೂ ಒಂದೇ ಐಪಿ.

ಆ 11 ನೆಂಟರು ಮಾತ್ರ ಇನ್ನೂ ಹೊರಟಿಲ್ಲ. ಲೀಸ್, ಅಂದರೆ ರೂಟರ್ ಐಪಿ ಕೊಟ್ಟ ಅವಧಿ, ಮುಗಿಯೋ ತನಕ ಇರ್ತಾರಂತೆ.