‘ನಮ್ಮ ಸರ್ ಸಾಲಿನಲ್ಲಿ ನಿಲ್ಲುವುದಿಲ್ಲ’

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಸಂಸ್ಥೆಯ ಸಿಬ್ಬಂದಿಯಾಗಿ ಕೆಲಸ ಮಾಡುತ್ತ, ಹೆಸರಾಂತ ವ್ಯಕ್ತಿಗಳ ಪ್ರಯಾಣದ ಹೊಣೆಯನ್ನು ಹಲವು ಬಾರಿ ಹೊತ್ತಿದ್ದೇನೆ. ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡುವುದರಿಂದ ಹಿಡಿದು ವಿಮಾನದ ಮೆಟ್ಟಿಲವರೆಗೆ ಪ್ರಯಾಣಿಕರನ್ನು ತಲುಪಿಸುವುದು ನಮ್ಮ ಕೆಲಸ. ನಡುವೆ ಬರುವ ಭದ್ರತಾ ತಪಾಸಣೆ ಸಮವಸ್ತ್ರದ ಸಿಬ್ಬಂದಿಯ ಅಧೀನದಲ್ಲಿದ್ದು, ಅದರಲ್ಲಿ ಎಳ್ಳಷ್ಟು ಸಡಿಲಿಕೆ ಕೊಡಿಸುವ ಅಧಿಕಾರವೂ ನಮಗಿಲ್ಲ. ಆದರೂ ‘ನಮ್ಮ ಸರ್ ಸಾಲಿನಲ್ಲಿ ನಿಲ್ಲುವುದಿಲ್ಲ, ಅವರ ಮೈ ಮುಟ್ಟಿ ತಪಾಸಣೆ ಮಾಡಬಾರದು’ ಎಂಬ ಕರೆ ಮೊದಲು ಬರುವುದು ನಮಗೇ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕ ನಿಲ್ದಾಣ. ನಂಜನಗೂಡು ರಸ್ತೆಯ ಪಕ್ಕದಲ್ಲಿರುವ ಇಲ್ಲಿನ ರನ್‌ವೇ ಉದ್ದವಾಗಿಲ್ಲದ ಕಾರಣ ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನಗಳೇ ಹೆಚ್ಚಾಗಿ ಬಂದುಹೋಗುತ್ತವೆ. ದಸರೆಯ ಸಮಯದಲ್ಲಿ ಕಲಾವಿದರು ಬರುತ್ತಾರೆ. ಮೇಲುಕೋಟೆ, ಶ್ರೀರಂಗಪಟ್ಟಣಗಳ ಕಡೆ ಚಿತ್ರೀಕರಣ ಮುಗಿಸಿದ ನಟರು ಇಲ್ಲಿಂದ ಹೈದರಾಬಾದಿಗೋ ಚೆನ್ನೈಗೋ ಹೊರಡುವುದುಂಟು. ದೊಡ್ಡ ನಿಲ್ದಾಣಗಳಲ್ಲಿ ಗಣ್ಯರು ಜನರ ಕಣ್ಣಿಗೆ ಬೀಳದಂತೆ ಹಾದುಹೋಗುವ ಅನುಕೂಲವಿರುತ್ತದೆ. ಇಲ್ಲಿ ಅಂಥದ್ದಿಲ್ಲ, ಎಲ್ಲರೂ ಒಂದೇ ಬಾಗಿಲಿನಿಂದ ಬಂದು, ಒಂದೇ ಟ್ರೇಯಲ್ಲಿ ಬೆಲ್ಟು, ಪರ್ಸು, ಮೊಬೈಲು ಇಟ್ಟು, ಒಂದೇ ಲೋಹಶೋಧಕದ ಚೌಕಟ್ಟನ್ನು ದಾಟಬೇಕು. ಯಾರಿಗೆ ಏನು ವಿನಾಯಿತಿ ಸಿಕ್ಕಿತೆಂಬುದು ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಕಾಣುತ್ತದೆ.

ನಿಯಮವಂತೂ ಸ್ಪಷ್ಟವಾಗಿದೆ. ವಿಮಾನವೇರುವ ಮುನ್ನ ನಡೆಯುವ ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಹೊರಡಿಸುತ್ತದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಮಾಜಿ ರಾಷ್ಟ್ರಪತಿಗಳು, ಲೋಕಸಭೆಯ ಸ್ಪೀಕರ್, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, ರಾಜ್ಯಪಾಲರು, ಮುಖ್ಯಮಂತ್ರಿಗಳು, ಹೀಗೆ ಅದು ಬಹುಮಟ್ಟಿಗೆ ಹುದ್ದೆಗಳ ಪಟ್ಟಿ. ಜನಪ್ರಿಯತೆಗೆ ಅದರಲ್ಲಿ ಸ್ಥಾನವಿಲ್ಲ, ಶಾಸಕರಿಗೂ ಇಲ್ಲ. ಹೆಸರು ಹಿಡಿದು ಆ ಪಟ್ಟಿಗೆ ಸೇರಿಸಲಾಗಿದ್ದ, ಸೋನಿಯಾ ಗಾಂಧಿಯವರ ಅಳಿಯ ರಾಬರ್ಟ್ ವಾದ್ರಾ ಅವರ ವಿನಾಯಿತಿಯನ್ನು 2015ರಲ್ಲಿ ತೆಗೆದುಹಾಕಿದಾಗ ದೇಶದಾದ್ಯಂತ ಸುದ್ದಿಯಾಗಿತ್ತು. ಇಷ್ಟಾದರೂ ನಟರ ಮ್ಯಾನೇಜರುಗಳು ಕರೆ ಮಾಡಿದಾಗ ಆ ಧ್ವನಿಯಲ್ಲಿ ವಿನಂತಿ ಇರುವುದಿಲ್ಲ. ಯಾವಾಗಲೋ ಮಂಜೂರಾದದ್ದನ್ನು ನೆನಪಿಸುವ ಧಾಟಿ ಇರುತ್ತದೆ. ‘ಹೋದ ಸಲ ಬೇರೆ ಊರಲ್ಲಿ ಕಾರನ್ನೇ ವಿಮಾನದ ಹತ್ತಿರ ಬಿಟ್ಟಿದ್ದರು ಮೇಡಂ’ ಎನ್ನುತ್ತಾರೆ. ಅದು ನಿಜವೋ ಸುಳ್ಳೋ ತಿಳಿಯುವ ದಾರಿ ನಮಗಿರುವುದಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ.

ನಾನು ಕಂಡಂತೆ, ವಿಶೇಷ ಉಪಚಾರದ ಒತ್ತಾಯ ಹುಟ್ಟುವುದು ಬಹಳ ಸಲ ನಟರ ಸುತ್ತಲಿನವರಲ್ಲಿ. ತಮ್ಮ ಯಜಮಾನರಿಗೆ ಒಂದು ನಿಮಿಷವೂ ಕಾಯುವ ಪ್ರಸಂಗ ಬಾರದಂತೆ ನೋಡಿಕೊಂಡರೆ ತಮ್ಮ ಕೆಲಸ ಉಳಿಯುತ್ತದೆಂದು ಅವರು ನಂಬಿರುತ್ತಾರೆ, ಆ ನಂಬಿಕೆಗೆ ಕಾರಣವೂ ಇರಬಹುದು. ಆದರೆ ಅದರ ಬೆಲೆಯನ್ನು ತೆರುವವರು ಇಡೀ ನಿಲ್ದಾಣದಲ್ಲಿ ಅತಿ ಕಡಿಮೆ ಸಂಬಳಕ್ಕೆ ದುಡಿಯುವವರು.

ಒಂದು ಸಂಜೆಯ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಲುಕೋಟೆಯಲ್ಲಿ ಚಿತ್ರೀಕರಣ ಮುಗಿಸಿದ ಒಬ್ಬ ಪ್ರಸಿದ್ಧ ನಟರು ಹೊರಡುವವರಿದ್ದರು. ಅವರು ಕಾರಿನಲ್ಲೇ ಕುಳಿತಿದ್ದರು, ಸಹಾಯಕರು ಸಾಮಾನು ತಂದು ಒಪ್ಪಿಸಿದರು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನನ್ನು ಎಕ್ಸ್‌ರೇ ಯಂತ್ರದಲ್ಲಿ ನೋಡುವುದು ನಮ್ಮ ಸಂಸ್ಥೆಯ ಭದ್ರತಾ ಸಿಬ್ಬಂದಿಯ ಕೆಲಸ. ಆ ದಿನ ಪರದೆಯ ಮುಂದೆ ಕುಳಿತಿದ್ದವಳು ನಾಗಮಂಗಲದ ಕಡೆಯ ಹುಡುಗಿ. ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ ಆ ಕುರ್ಚಿಗೆ ಬಂದವಳು. ಪರದೆಯಲ್ಲಿ ಬಟ್ಟೆ, ಕಾಗದ, ತಿಂಡಿಯಂಥವು ಕಿತ್ತಳೆ ಬಣ್ಣದಲ್ಲಿಯೂ ಲೋಹದ ವಸ್ತುಗಳು ನೀಲಿಯಲ್ಲಿಯೂ ಮೂಡುತ್ತವೆ. ಮಡಿಸಿಟ್ಟ ಉಡುಪುಗಳ ಕಿತ್ತಳೆಯ ನಡುವೆ ಒತ್ತಾದ ಎರಡು ಆಯತಗಳು ಕಂಡವು. ನೋಡಿದೊಡನೆ ಪವರ್ ಬ್ಯಾಂಕುಗಳೆಂದು ಅವಳಿಗೆ ತಿಳಿಯಿತು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ಸಾಮಾನಿನ ಕೋಣೆಯಲ್ಲಿ ಕೂಡಲೇ ನೋಡುವವರು ಯಾರೂ ಇರುವುದಿಲ್ಲವಾದ್ದರಿಂದ ಅವನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವಿದೆ. ಚೀಲದ ಮಾಲೀಕರ ಎದುರಿಗೆ ಬೀಗ ತೆಗೆಸಬೇಕು.

‘ಇದು ಯಾರ ಬ್ಯಾಗ್ ಅಂತ ಗೊತ್ತಾ ನಿಮಗೆ?’ ಎಂದರು ಸಹಾಯಕರು.

‘ಗೊತ್ತು ಸಾರ್, ಅವರ ಪಿಕ್ಚರ್ ಒಂದೂ ಬಿಟ್ಟಿಲ್ಲ ನಾನು. ಅವರನ್ನ ಒಂದು ನಿಮಿಷ ಕರೀರಿ, ಬ್ಯಾಗ್ ತೆಗೀಬೇಕು.’

ಸಹಾಯಕರು ಬೆಂಗಳೂರಿನ ಯಾರಿಗೋ ಫೋನ್ ಹಚ್ಚಿ, ‘ತಗೊಳ್ಳಿ, ಮಾತಾಡಿ’ ಎಂದು ಅವಳ ಮುಖದ ಮುಂದೆ ಹಿಡಿದರು. ‘ಡ್ಯೂಟಿ ಮೇಲೆ ಫೋನ್ ತಗೊಳ್ಳಂಗಿಲ್ಲ ಸಾರ್’ ಎಂದಳೇ ಹೊರತು ಧ್ವನಿ ಏರಿಸಲಿಲ್ಲ, ಚೀಲವನ್ನು ಮುಂದಕ್ಕೂ ಬಿಡಲಿಲ್ಲ. ಸಾಲಿನಲ್ಲಿದ್ದವರು ಮೊಬೈಲು ತೆಗೆಯಲು ಆರಂಭಿಸಿದ್ದರು. ನಾನು ಹೊರಗೆ ಹೋಗಿ ಕಾರಿನ ಬಳಿ ನಿಂತು ನಟರಿಗೆ ವಿಷಯ ತಿಳಿಸಿದೆ. ಒಳಗೆ ಹೀಗೊಂದು ವಾದ ನಡೆಯುತ್ತಿದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ತಾವೇ ಬಂದು ಬೀಗ ತೆಗೆದು, ಪವರ್ ಬ್ಯಾಂಕುಗಳನ್ನು ಕೈಚೀಲಕ್ಕೆ ಹಾಕಿಕೊಂಡು, ತಪಾಸಣೆಯಲ್ಲಿ ಕೈಯ ಕಡಗ ಬಿಚ್ಚಿ ಟ್ರೇಯಲ್ಲಿಟ್ಟು ಹೋದರು. ಒಳಗೆ ನಡೆದ ಜಗಳಕ್ಕೆ ತಗುಲಿದ ಸಮಯದ ಕಾಲುಭಾಗವೂ ಇದಕ್ಕೆ ಹಿಡಿಯಲಿಲ್ಲ.

ಎಲ್ಲರೂ ಹೀಗಿರುತ್ತಾರೆಂದು ಹೇಳಲಾರೆ. ಕೈ ಮುಂದೆ ಚಾಚಲು ಒಪ್ಪದೆ ಸಿಡಿಮಿಡಿಗೊಂಡವರನ್ನೂ ಕಂಡಿದ್ದೇನೆ. ಆದರೆ ಅವರ ತೊಂದರೆಯನ್ನೂ ನಾವು ಗಮನಿಸಬೇಕು. ಅಪರಿಚಿತರು ಮೈಮೇಲೆ ಬೀಳುವುದು, ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆಯುವುದು, ಎರಡೂ ಕೈ ಎತ್ತಿ ನಿಂತ ಭಂಗಿ ಮರುಗಳಿಗೆಯಲ್ಲಿ ಎಲ್ಲರ ಮೊಬೈಲಿನಲ್ಲಿ ಓಡಾಡುವುದು ಯಾರಿಗೂ ಹಿತವಲ್ಲ. ಮರೆಯಲ್ಲಿ ತಪಾಸಣೆ ಮಾಡಿ ಎಂದು ಕೇಳುವುದು ನ್ಯಾಯವಾದ ಕೋರಿಕೆ. ಸಾಮಾನ್ಯ ಪ್ರಯಾಣಿಕರೂ ಅದನ್ನು ಕೇಳಬಹುದು. ತಪಾಸಣೆಯ ಜಾಗದಲ್ಲಿ ವಿಡಿಯೊ ತೆಗೆಯದಂತೆ ತಡೆಯುವುದು, ನೂಕುನುಗ್ಗಲಾಗದ ಹೊತ್ತು ನೋಡಿ ಕರೆತರುವುದು, ಕೂರಲು ಒಂದು ಬದಿಯಲ್ಲಿ ಜಾಗ ಮಾಡಿಕೊಡುವುದು ನಮ್ಮಿಂದಾಗುವ ಕೆಲಸಗಳು, ಅವನ್ನು ಸಂತೋಷದಿಂದ ಮಾಡಬೇಕು. ತಪಾಸಣೆಯನ್ನೇ ಬಿಡಿಸುವ ಮಾತು ಇವುಗಳ ಜೊತೆ ಬೆರೆಯಬಾರದು. ನಾವೇ ಸೆಲ್ಫಿಗಾಗಿ ಕುರ್ಚಿ ಬಿಟ್ಟೆದ್ದರಂತೂ ಆಮೇಲೆ ನಿಯಮ ಹೇಳುವ ಬಾಯಿ ನಮಗಿರುವುದಿಲ್ಲ.

ವಿನಾಯಿತಿಗೆ ಅರ್ಹರಾಗಿದ್ದವರೇ ಹೇಗೆ ನಡೆದುಕೊಂಡರೆಂಬುದಕ್ಕೆ ಅಬ್ದುಲ್ ಕಲಾಂ ಅವರ ಉದಾಹರಣೆಯನ್ನು ನಾನು ತರಬೇತಿಗೆ ಬಂದವರಿಗೆ ಹೇಳುತ್ತೇನೆ. 2009ರ ಏಪ್ರಿಲ್‌ನಲ್ಲಿ ದೆಹಲಿ ನಿಲ್ದಾಣದಲ್ಲಿ ಅಮೆರಿಕದ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ಅವರನ್ನು ತಪಾಸಣೆಗೆ ಒಳಪಡಿಸಿದರು. ಮಾಜಿ ರಾಷ್ಟ್ರಪತಿಯಾಗಿ ಭಾರತದ ನಿಯಮದಂತೆ ಅವರಿಗೆ ವಿನಾಯಿತಿ ಇತ್ತು. ಅವರು ದೂರು ಕೊಡಲಿಲ್ಲ; ಜುಲೈನಲ್ಲಿ ವಿಷಯ ಸಂಸತ್ತಿನಲ್ಲಿ ಗದ್ದಲವಾಗಿ, ಸಂಸ್ಥೆ ಕ್ಷಮೆ ಕೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿ ಶಾರುಖ್ ಖಾನ್ ಅವರನ್ನು ತಡೆದು ಪ್ರಶ್ನಿಸಿದ್ದನ್ನು ಜನ ಇದರ ಜೊತೆ ಸೇರಿಸಿ ಮಾತನಾಡುವುದುಂಟು. ಆದರೆ ಅದು ವಲಸೆ ಅಧಿಕಾರಿಗಳ ವಿಚಾರಣೆ. ಹೆಸರು, ದಾಖಲೆಗಳ ಮೇಲೆ ನಡೆಯುವಂಥದ್ದು, ಅಲ್ಲಿ ಅನ್ಯಾಯದ ಪ್ರಶ್ನೆ ಬೇರೆಯೇ ಇದೆ. 2021ರ ಆಗಸ್ಟ್‌ನಲ್ಲಿ ಮುಂಬೈ ನಿಲ್ದಾಣದ ಬಾಗಿಲಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಅಧಿಕಾರಿಯೊಬ್ಬರು ಸಲ್ಮಾನ್ ಖಾನ್ ಅವರನ್ನು ತಪಾಸಣೆಗಾಗಿ ತಡೆದರು. ಆ ಅಧಿಕಾರಿಗೆ ಶಿಕ್ಷೆಯಾಯಿತೆಂಬ ಗಾಳಿಮಾತು ಹಬ್ಬಿದಾಗ, ಅವರಿಗೆ ಬಹುಮಾನ ನೀಡಲಾಗಿದೆಯೆಂದು ಪಡೆಯೇ ಸ್ಪಷ್ಟಪಡಿಸಿತು. ಈ ಸುದ್ದಿ ನಮ್ಮ ಹುಡುಗ ಹುಡುಗಿಯರಿಗೆ ಕೊಟ್ಟ ಧೈರ್ಯವನ್ನು ಯಾವ ಸುತ್ತೋಲೆಯೂ ಕೊಟ್ಟಿರಲಿಲ್ಲ.

ಚಿಕ್ಕ ನಿಲ್ದಾಣದಲ್ಲಿ ಕೈಗಳು ಕಡಿಮೆ. ಒಬ್ಬ ನಟರ ಮುಂದೆ ಹಿಂದೆ ನಡೆಯಲು ನಮ್ಮ ಇಬ್ಬರು ಹೋದರೆ ಗಾಲಿಕುರ್ಚಿಯಲ್ಲಿ ಕುಳಿತ ಪ್ರಯಾಣಿಕರು ಅಷ್ಟು ಹೊತ್ತು ಗೋಡೆಯ ಬದಿಯಲ್ಲಿ ಕಾಯಬೇಕಾಗುತ್ತದೆ. ಕಟ್ಟಡದಿಂದ ನೇರವಾಗಿ ವಿಮಾನದೊಳಕ್ಕೆ ಹೋಗುವ ಏರೋಬ್ರಿಜ್ ಇಲ್ಲಿ ಇಲ್ಲದ ಕಾರಣ ಅವರನ್ನು ವಿಮಾನಕ್ಕೆ ಹತ್ತಿಸಲು ಹೆಚ್ಚಿನ ನೆರವು ಬೇಕು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜಿಯರು ಚೌಕಟ್ಟು ದಾಟುವಾಗ ಪ್ರತಿ ಸಲವೂ ಸದ್ದಾಗುತ್ತದೆ. ಪರದೆಯ ಹಿಂದೆ ಮಹಿಳಾ ಸಿಬ್ಬಂದಿ ಅವರನ್ನು ನಿಧಾನವಾಗಿ ಪರೀಕ್ಷಿಸಬೇಕು, ವೈದ್ಯರ ಚೀಟಿ ನೋಡಬೇಕು, ಹೆದರಬೇಡಿ ಎಂದು ಒಂದು ಮಾತು ಹೇಳಬೇಕು. ವಿಶೇಷ ಉಪಚಾರ ಎಂಬುದು ಯಾರಿಗೆ ಸಲ್ಲಬೇಕೆಂದು ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ.

ಅನುಭವದಿಂದ ಉಪಯೋಗಕ್ಕೆ ಬಂದ ಕ್ರಮವೆಂದರೆ, ಮ್ಯಾನೇಜರು ಕರೆ ಮಾಡಿದ ದಿನವೇ ಎರಡು ಮಾತನ್ನೂ ಒಟ್ಟಿಗೆ ಹೇಳಿಬಿಡುವುದು. ‘ಸರ್ ಅವರಿಗೆ ಜನ ಮುತ್ತದಂತೆ ನೋಡಿಕೊಳ್ಳುತ್ತೇವೆ, ಕೌಂಟರಿನಲ್ಲಿ ಕಾಯಿಸುವುದಿಲ್ಲ; ತಪಾಸಣೆ ಎಲ್ಲರಂತೆ ಇರುತ್ತದೆ, ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಲೈಟರ್ ತರಬೇಡಿ, ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ.’ ಇದನ್ನೇ ಸಂದೇಶವಾಗಿಯೂ ಕಳುಹಿಸಬೇಕು. ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಎಂಬ ಮಾತುಗಳು ಬೇಡವೇ ಬೇಡ. ಸೌಜನ್ಯಕ್ಕೆಂದು ಆಡಿದ ಆ ಮಾತನ್ನು ಮರುದಿನ ಬಾಗಿಲಲ್ಲಿ ನಿಂತ ಹುಡುಗಿಯ ಮುಂದೆ ‘ನಿಮ್ಮ ಮೇಡಂ ಒಪ್ಪಿದ್ದಾರೆ’ ಎಂದು ಎತ್ತಿ ಹಿಡಿಯುತ್ತಾರೆ.

ನಾಗಮಂಗಲದ ಆ ಹುಡುಗಿಯ ಮೇಲೆ ಮರುದಿನವೇ ದೂರು ಬಂದಿತು, ಒರಟಾಗಿ ವರ್ತಿಸಿದಳೆಂದು. ಘಟನೆ ನಡೆದ ಸಂಜೆಯೇ ಯಾರು ಏನು ಕೇಳಿದರು, ಅವಳು ಏನು ಉತ್ತರಿಸಿದಳು ಎಂಬುದನ್ನು ಸಮಯ ಸಹಿತ ಪುಸ್ತಕದಲ್ಲಿ ಬರೆದು ಪಾಳಿಯ ಮೇಲ್ವಿಚಾರಕರ ಸಹಿ ಮಾಡಿಸಿದ್ದೆವು; ಸಿಸಿಟಿವಿ ದೃಶ್ಯವೂ ಇತ್ತು. ಅವಳ ಕೆಲಸಕ್ಕೆ ಕುಂದು ಬರಲಿಲ್ಲ. ಸಂಸದರೊಬ್ಬರು ವಿಮಾನ ಸಂಸ್ಥೆಯ ಸಿಬ್ಬಂದಿಗೆ ಚಪ್ಪಲಿಯಿಂದ ಹೊಡೆದ 2017ರ ಪ್ರಕರಣದ ನಂತರ, ಅನುಚಿತವಾಗಿ ವರ್ತಿಸುವ ಪ್ರಯಾಣಿಕರನ್ನು ಮೂರು ಹಂತಗಳಲ್ಲಿ ವಿಂಗಡಿಸಿ ವಿಮಾನ ಪ್ರಯಾಣದಿಂದ ನಿಷೇಧಿಸುವ ನಿಯಮ ಬಂದಿದೆ. ಬೈಗುಳಕ್ಕೇ ಮೂರು ತಿಂಗಳವರೆಗೆ ನಿಷೇಧ ಹೇರಬಹುದು. ಆದರೆ ಜೊತೆಗಾರನೊಬ್ಬ ಫೋನಿನಲ್ಲಿ ಒತ್ತಡ ಹೇರಿ, ಮರುದಿನ ಕೇಂದ್ರ ಕಚೇರಿಗೆ ದೂರು ಬರೆದು ಗುತ್ತಿಗೆಯ ನೌಕರಿಯನ್ನು ಅಲುಗಿಸುವುದು ಈ ಯಾವ ಹಂತದಲ್ಲಿಯೂ ಬರುವುದಿಲ್ಲ. ಆದ್ದರಿಂದ, ನಿಯಮ ಪಾಲಿಸಿದ ಸಿಬ್ಬಂದಿಯ ಮೇಲೆ ಗಣ್ಯರ ಕಡೆಯಿಂದ ದೂರು ಬಂದಾಗ ಆ ದಿನದ ದಾಖಲೆಯನ್ನು ನೋಡದೆ ಯಾರನ್ನೂ ಪಾಳಿಯಿಂದ ತೆಗೆಯಬಾರದೆಂದು ವಿಮಾನ ಸಂಸ್ಥೆಗಳೂ ಅವುಗಳಿಗೆ ಜನರನ್ನು ಒದಗಿಸುವ ಗುತ್ತಿಗೆದಾರರೂ ಲಿಖಿತವಾಗಿ ಒಪ್ಪಿಕೊಳ್ಳಬೇಕೆಂದು ನಾನು ಪ್ರತಿ ಸಭೆಯಲ್ಲಿಯೂ ಕೇಳುತ್ತಿದ್ದೇನೆ.