ಫಿಲ್ ಬಂದರೆ ಓಡುವ ಕೈ

ಡ್ರಮ್ಸ್ ನುಡಿಸುವಾಗ ನನ್ನ ಟೈಮಿಂಗ್ ಚೆನ್ನಾಗಿದೆ ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಗ್ರೂವ್, ಅಂದರೆ ಒಂದೇ ಸಮನೆ ಸಾಗುವ ತಾಳ, ಪರವಾಗಿಲ್ಲ. ಆದರೆ ನಡುನಡುವೆ ತುಂಬುವ ಸಣ್ಣ ತುಣುಕು, ಅಂದರೆ ಫಿಲ್ ಬಂತೋ, ಟಾಮ್ ಡ್ರಮ್‌ಗಳ ಮೇಲೆ ಕೈ ಓಟ ಕೀಳುತ್ತಿತ್ತು!

ಈಗ ನಿಮಿಷಕ್ಕೆ 80 ಬೀಟ್ ವೇಗದಲ್ಲಿ ನುಡಿಸಲು, ಕ್ಲಿಕ್ ಸದ್ದಿನಿಂದ ವೇಗ ತೋರಿಸುವ ಮೆಟ್ರೊನೋಮನ್ನು 40ಕ್ಕೆ ಇಡುತ್ತೇನೆ. ಅದರ ಕ್ಲಿಕ್ಕನ್ನು ನಾಲ್ಕು ಬೀಟಿನ ಸುತ್ತಿನ ಎರಡು ಮತ್ತು ನಾಲ್ಕನೇ ಬೀಟ್ ಅಂತ ಕೇಳಿಸಿಕೊಳ್ಳಬೇಕು. ಆ ಬೀಟುಗಳಲ್ಲಿ ಸ್ನೇರ್ ಡ್ರಮ್ಮಿನ ಏಟು ಸರಿಯಾಗಿ ಬಿದ್ದರೆ ಕ್ಲಿಕ್ ಅದರಡಿ ಮುಚ್ಚಿಹೋಗುತ್ತದೆ. ಮೊದಲ ವಾರ ಪ್ರತಿ ಕ್ಲಿಕ್ಕೂ ಕೇಳಿಸಿತು, ಅದೂ ನನ್ನ ಏಟಿನ ನಂತರ. ಫಿಲ್‌ನಲ್ಲಿ ಬಾಯಿಬಿಟ್ಟು ಎಣಿಸುತ್ತೇನೆ. ನೋಡುವವರಿಗೆ ತಮಾಷೆ ಅನ್ನಿಸುತ್ತೆ, ಅಲ್ವಾ? ಇರಲಿ.

ಫೀಲ್ ಬಂದದ್ದು ಘೋಸ್ಟ್ ನೋಟ್‌ಗಳಿಂದ, ಅಂದರೆ ಕೇಳಿಸಿಯೂ ಕೇಳಿಸದಂಥ ಮೆಲ್ಲನೆಯ ಏಟುಗಳಿಂದ. ಸ್ಟಿಕ್ ತುದಿಯನ್ನು ಸ್ನೇರ್‌ನಿಂದ ಎರಡು ಬೆರಳಷ್ಟೇ ಎತ್ತಿ ಬಿಡುತ್ತೇನೆ. ಜಾಸ್ತಿ ಎತ್ತಿದರೆ ಮತ್ತೆ ಗಲಾಟೆ. ಎಡಗೈ ಇನ್ನೂ ಮಾತು ಕೇಳುತ್ತಿಲ್ಲ.