ದುರ್ಗದ ಕೋಟೆಗೆ ಹೋದರೆ ನೀರಿನ ಜಾಡು ಹಿಡಿಯಿರಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಬಸ್ಸುಗಳಿಗೆ ಬರವಿಲ್ಲ. ಇಷ್ಟು ಹತ್ತಿರ ಎಂಬ ಸಲುಗೆಯಿಂದಲೇ ಮೊದಲ ಸಲ ಕೆಟ್ಟೆವು. ಬೆಣ್ಣೆದೋಸೆ ತಿಂದು ನಿಧಾನಕ್ಕೆ ಹೊರಟು ಕೋಟೆ ಬಾಗಿಲಿಗೆ ಬಂದಾಗ ಹನ್ನೊಂದೂವರೆ, ಏಪ್ರಿಲ್ ಬಿಸಿಲು. ಬಂಡೆ ಕಾದರೆ ಕಾಲಡಿಯಿಂದಲೂ ಸುಡುತ್ತದೆ. ಅರ್ಧಕ್ಕೇ ಇಳಿದು ಬಂದೆವು. ಈ ಸಲ ನವೆಂಬರಿನಲ್ಲಿ, ಬಾಗಿಲು ತೆರೆದ ಕೂಡಲೇ ಒಳಗೆ ಹೋದೆವು. ನಾಲ್ಕು ಗಂಟೆ ಸಾಲಲಿಲ್ಲ.

ಏಳು ಸುತ್ತಿನಲ್ಲಿ ಮೂರು ನೆಲದ ಮೇಲೆ, ನಾಲ್ಕು ಬೆಟ್ಟದ ಮೇಲೆ. ಬಾಗಿಲಿನ ಮುಂದೆ ದಾರಿ ಗಕ್ಕನೆ ತಿರುಗುವುದನ್ನು ನಿಂತು ನೋಡಿ: ಆನೆ ಓಡಿಬಂದು ಕದ ಗುದ್ದಲು ಜಾಗವೇ ಸಿಗದು. ಸಿಡಿಮದ್ದು ಬೀಸುತ್ತಿದ್ದ ಭಾರೀ ಕಲ್ಲುಗಳನ್ನೂ ತಪ್ಪಿಸಬೇಡಿ. ಮಂಡಿನೋವಿನ ದೊಡ್ಡಮ್ಮ ಏಕನಾಥೇಶ್ವರಿ ಗುಡಿಯವರೆಗೆ ಬಂದು, "ನಾ ಇಲ್ಲೇ ಕುಂದರ್ತೀನಿ, ನೀವು ಹೋಗಿ ಬರ್ರಿ" ಅಂದರು. ವಯಸ್ಸಾದವರನ್ನು ಅದಕ್ಕಿಂತ ಮೇಲೆ ಒತ್ತಾಯಿಸಬೇಡಿ.

ಬಹಳ ಜನ ಓಬವ್ವನ ಕಿಂಡಿ ನೋಡಿ ಫೋಟೋ ತೆಗೆದು ಇಳಿದುಬಿಡುತ್ತಾರೆ. ನನ್ನ ಮಾತು ಕೇಳಿ, ಮೊದಲು ಹೊಂಡಗಳನ್ನು ನೋಡಿ. ಮಳೆ ಕಡಿಮೆ ಇರುವ ಸೀಮೆ ನಮ್ಮದು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ಆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬೆಟ್ಟದ ಮೇಲೆ ಸುರಿದ ಮಳೆಯನ್ನು ಪೇಟೆಯ ಜನರೂ ಕುಡಿಯುತ್ತಿದ್ದರು. ದುರ್ಗ ಆಳಿದ ನಾಯಕರ ಕತ್ತಿಗಿಂತ ಈ ಲೆಕ್ಕಾಚಾರವೇ ನನಗೆ ದೊಡ್ಡದಾಗಿ ಕಂಡಿತು.

ಆಮೇಲೆ ಕಿಂಡಿಗೆ ಹೋದರೆ ಆ ಕಥೆಯೂ ಬೇರೆಯಾಗಿ ಕಾಣುತ್ತದೆ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದ, ಅವನ ಹೆಂಡತಿ ಓಬವ್ವ ತಣ್ಣೀರು ದೋಣಿ ಎಂಬ ಪುಟ್ಟ ನೀರಿನ ಸೆಲೆಗೆ ನೀರು ತರಲು ಬಂದಿದ್ದಳು, ಆಗಲೇ ಹೈದರನ ಸೈನಿಕರು ನುಸುಳುತ್ತಿದ್ದುದು ಅವಳಿಗೆ ಗೊತ್ತಾಯಿತು ಎನ್ನುತ್ತಾರೆ. ದೋಣಿ ಬೇರೆಡೆ ಇದ್ದಿದ್ದರೆ? ಕಿಂಡಿಯಲ್ಲಿ ಒಮ್ಮೆಗೆ ಒಬ್ಬರೇ ಬಗ್ಗಿ ತೂರಬೇಕು. ಬೆನ್ನಿನ ಚೀಲ ಮೊದಲೇ ಇಳಿಸಿ, ತಲೆ ಜೋಪಾನ. ನಾನು ತೂರಿ ಎದ್ದು ನಿಲ್ಲುವಷ್ಟರಲ್ಲಿ, ಮೇಲೆ ಒನಕೆ ಹಿಡಿದು ನಿಂತವಳ ನೆನಪಾಗಿ ಮೈ ಜುಮ್ಮೆಂದಿತು. 1779ರಲ್ಲಿ ಕೋಟೆ ಹೈದರನ ವಶವಾಯಿತು, ಮದಕರಿ ನಾಯಕ ಸೆರೆಯಾದ. ಆದರೂ ದುರ್ಗದವರ ಬಾಯಲ್ಲಿ ಉಳಿದದ್ದು ಓಬವ್ವನ ಆ ಮಧ್ಯಾಹ್ನ.

ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿದು ನಡೆಯಬೇಡಿ. ಗೈಡ್ ಜೊತೆಗಿದ್ದರೆ ಒಳ್ಳೆಯದು.

ಊಟ ಮುಗಿಸಿ ಹತ್ತಿರದ ಚಂದ್ರವಳ್ಳಿಗೆ ಹೋಗಿ. ಗುಹೆಯೊಳಗೆ ಕತ್ತಲೆ, ಟಾರ್ಚ್ ಬೇಕು. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಯಕರಿಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಅದರಲ್ಲಿ ಹೇಳಿರುವುದು ಅವನು ಮಾಡಿಸಿದ ಕೆರೆಯ ವಿಷಯ.